ಬೆಳಗಿನ ಹಾಲು, ಸಂಜೆ ಹಾಲು: ಮೂರು ವಿವರ ಸೇರಿ ಒಂದು ಕೀ ಆಗೋದು ಹೇಗೆ?

ಇದು ಸಂಚಿಕೆಯ ಲಿಖಿತ ರೂಪ. ಮಾತಿನ ಧಾಟಿಯನ್ನು ಹೆಚ್ಚುಕಡಿಮೆ ಹಾಗೇ ಬಿಟ್ಟಿದ್ದೇನೆ. ಕೋಡ್ ಓದಿ ಹೇಳಿದ ಕಡೆಗಳನ್ನು ಮಾತ್ರ ಬಿಡಿಸಿ ಬರೆದಿದ್ದೇನೆ.

ಮದ್ದೂರು ದಾಟಿ ಮಂಡ್ಯದ ಕಡೆ ಹೋಗುವಾಗ ಗೆಜ್ಜಲಗೆರೆ ಸಿಗುತ್ತೆ. ಹೊರಗಿನವರಿಗೆ ಆ ಊರು ಗೊತ್ತಿರೋದು ಮನ್‌ಮುಲ್ ಡೈರಿಯಿಂದ. ಜಿಲ್ಲೆಯ ನೂರಾರು ಹಳ್ಳಿಗಳ ಸಂಘಗಳಲ್ಲಿ ಬೆಳಿಗ್ಗೆ, ಸಂಜೆ ಅಳೆದ ಹಾಲು ಬಂದು ಸೇರೋದು ಅಲ್ಲಿಗೆ. ಇವತ್ತಿನ ವಿಷಯ ಹಾಲಲ್ಲ, ಪ್ರೋಗ್ರಾಮಿಂಗ್. ಆದರೆ ಹಾಲಿನ ಲೆಕ್ಕ ಇಟ್ಕೊಂಡು ಹೇಳಿದರೆ ನಮ್ಮ ಕಡೆಯವರಿಗೆ ಇದು ಐದು ನಿಮಿಷದಲ್ಲಿ ತಲೆಗೆ ಹೋಗುತ್ತೆ ಅನ್ನೋದು ನನ್ನ ನಂಬಿಕೆ. ನಾನು ಓದಿದ್ದೂ ಬಿ.ಕಾಂ., ಕಂಪ್ಯೂಟರ್ ಸೈನ್ಸ್ ಅಲ್ಲ. ನನಗೆ ಲೆಡ್ಜರ್ ಮೂಲಕವೇ ಎಲ್ಲ ಅರ್ಥ ಆಗೋದು.

ಮೊದಲು ಒಂದು ಮಾತು. ಮುಂದೆ ಹೇಳೋ ಡೈರಿ ಲೆಕ್ಕ ನಾನೇ ಕಟ್ಟಿಕೊಂಡ ಉದಾಹರಣೆ. ಯಾವ ಸಂಘದ ಸಾಫ್ಟ್‌ವೇರ್ ಮೇಲೂ ದೂರಲ್ಲ.

ಮ್ಯಾಪ್ ಅಂದ್ರೆ ಏನು? ಇಲ್ಲಿ ನಕ್ಷೆ ಅಂತ ಅರ್ಥ ಅಲ್ಲ. ಒಂದು ಕೀ ಕೊಟ್ಟರೆ ಅದಕ್ಕೆ ಸೇರಿದ ಮಾಹಿತಿಯನ್ನು ತಟ್ಟನೆ ತೆಗೆದುಕೊಡೋ ವ್ಯವಸ್ಥೆ. ಪೈಥಾನ್‌ನಲ್ಲಿ ಡಿಕ್ಷನರಿ ಅಂತಾರೆ, ಜಾವಾದಲ್ಲಿ ಹ್ಯಾಶ್‌ಮ್ಯಾಪ್, ಪಿಎಚ್‌ಪಿಯಲ್ಲಿ ಬರೀ ಅರೇ. ಸದಸ್ಯರ ಸಂಖ್ಯೆ ಕೊಟ್ಟರೆ ಅವರ ಹೆಸರು ಬರಬೇಕು, ಅಷ್ಟೇ ಬೇಕಿದ್ದರೆ ಸಮಸ್ಯೆನೇ ಇಲ್ಲ. 112 ಅಂದ್ರೆ ಇಂಥವರು. ಒಂದೇ ಸಂಖ್ಯೆ, ಒಂದೇ ಕೀ.

ಆದರೆ ಡೈರಿಯಲ್ಲಿ ಒಂದೇ ಸಂಖ್ಯೆಯಿಂದ ಕೆಲಸ ಆಗಲ್ಲ. 112ನೇ ಸಂಖ್ಯೆಯ ಸದಸ್ಯೆ ಬೆಳಿಗ್ಗೆ ಕ್ಯಾನ್ ತಂದು 6 ಲೀಟರ್ 200 ಮಿಲಿ ಹಾಲು ಹಾಕ್ತಾರೆ, ಸಂಜೆ ಬಂದು 4 ಲೀಟರ್ ಹಾಕ್ತಾರೆ ಅಂತಿಟ್ಕೊಳ್ಳಿ. ಸಾಫ್ಟ್‌ವೇರ್ ಬರೆದವರು ಸದಸ್ಯರ ಸಂಖ್ಯೆ ಮತ್ತು ತಾರೀಕು ಎರಡನ್ನೇ ಕೀ ಮಾಡಿದ್ರೆ? ಸಂಜೆಯ 4 ಲೀಟರ್ ಬರೆದ ತಕ್ಷಣ ಬೆಳಗಿನ 6.2 ಲೀಟರ್ ಅಳಿಸಿಹೋಗುತ್ತೆ. ಮ್ಯಾಪಿನ ಸ್ವಭಾವವೇ ಅದು, ಅದೇ ಕೀಗೆ ಹೊಸದು ಬಂದರೆ ಹಳೇದು ಹೋಗುತ್ತೆ. ಎರರ್ ಬರಲ್ಲ, ಕೆಂಪು ಅಕ್ಷರ ಬರಲ್ಲ. ಬಟವಾಡೆ ದಿನ ದುಡ್ಡು ಕಡಿಮೆ ಬಂದಾಗ ಗೊತ್ತಾಗಬೇಕು. ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ ಅಂತಿಟ್ಕೊಂಡ್ರೆ, ಅದರಲ್ಲೇ ಆ ಒಂದು ಬೆಳಿಗ್ಗೆಗೆ 31 ರೂಪಾಯಿ ಹೋಯ್ತು, ಹಾಲಿನ ದುಡ್ಡು ಬೇರೆ.

ಹಾಗಾಗಿ ಕೀ ಅಂದ್ರೆ ಸದಸ್ಯರ ಸಂಖ್ಯೆ, ತಾರೀಕು, ಬೆಳಿಗ್ಗೆಯೋ ಸಂಜೆಯೋ, ಈ ಮೂರೂ ಸೇರಿದ್ದು. ಇದನ್ನೇ ಕಾಂಪೋಸಿಟ್ ಕೀ ಅನ್ನೋದು, ಜೋಡಿಸಿ ಮಾಡಿದ ಕೀ. ಇದೇನು ಹೊಸದಲ್ಲ. ಪಹಣಿ ತೆಗೆಸೋಕೆ ಭೂಮಿ ವೆಬ್‌ಸೈಟಿಗೆ ಹೋದ್ರೆ ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ ಅಂತ ಒಂದೊಂದೇ ಕೇಳುತ್ತಲ್ಲ, ಅದೆಲ್ಲ ಸೇರಿ ಒಂದು ಕೀ. ಬರೀ ಕೊಪ್ಪ ಅಂದ್ರೆ ಮದ್ದೂರು ತಾಲೂಕಿನ ಕೊಪ್ಪವೂ ಆಗಬಹುದು, ಚಿಕ್ಕಮಗಳೂರು ಜಿಲ್ಲೆಯ ಕೊಪ್ಪವೂ ಆಗಬಹುದು.

ಇನ್ನು ನಿಜವಾದ ಪ್ರಶ್ನೆ. ಮೂರು ವಿವರ ಇರೋ ಒಂದು ವಸ್ತುವನ್ನು, ಅಂದ್ರೆ ಆಬ್ಜೆಕ್ಟನ್ನು, ಕೀ ಮಾಡಿ ಮ್ಯಾಪಿಗೆ ಹಾಕ್ತೀರಿ. ನಾಳೆ ಹುಡುಕುವಾಗ ಅದೇ ಮೂರು ವಿವರ ಹಾಕಿ ಇನ್ನೊಂದು ಆಬ್ಜೆಕ್ಟ್ ಮಾಡಿ ಕೇಳ್ತೀರಿ. ಇವೆರಡೂ ಒಂದೇನಾ, ಬೇರೆ ಬೇರೆನಾ? ಎರಡು ಚೀಟಿಯಲ್ಲಿ ಒಂದೇ ವಿಷಯ ಬರೆದಿದ್ದರೆ, ಬರಹ ನೋಡಿ ಒಂದೇ ಅನ್ನಬಹುದು, ಚೀಟಿಗಳು ಎರಡಿವೆಯಲ್ಲ ಅಂತ ಬೇರೆ ಅನ್ನಲೂಬಹುದು. ಒಂದೊಂದು ಭಾಷೆ ಒಂದೊಂದು ಉತ್ತರ ಕೊಡುತ್ತೆ. ಕಾಂಪೋಸಿಟ್ ಕೀ ತಾಪತ್ರಯದಲ್ಲಿ ಮುಕ್ಕಾಲು ಪಾಲು ಹುಟ್ಟೋದು ಇಲ್ಲೇ.

ಜಾವಾಸ್ಕ್ರಿಪ್ಟಿಂದ ಶುರು ಮಾಡೋಣ, ಯಾಕಂದ್ರೆ ಕಲಿಯೋರು ಹೆಚ್ಚು ಎಡವೋದು ಅಲ್ಲಿ. ಅಲ್ಲಿನ ಸಾಮಾನ್ಯ ಆಬ್ಜೆಕ್ಟನ್ನೇ ಮ್ಯಾಪ್ ಥರ ಬಳಸೋ ರೂಢಿ ಇದೆ. ಅದಕ್ಕೆ ನೀವು ಏನೇ ಕೀ ಕೊಡಿ, ಸಿಂಬಲ್ ಒಂದನ್ನು ಬಿಟ್ಟು ಎಲ್ಲವನ್ನೂ ಅದು ಅಕ್ಷರಮಾಲೆಯಾಗಿ ಮಾಡ್ಕೊಳ್ಳುತ್ತೆ. ಮೂರು ವಿವರದ ಆಬ್ಜೆಕ್ಟ್ ಕೊಟ್ರೆ ಅದು "ಆಬ್ಜೆಕ್ಟ್ ಆಬ್ಜೆಕ್ಟ್" ಅನ್ನೋ ಪದ ಆಗಿಬಿಡುತ್ತೆ. ಯಾರ ಸಂಖ್ಯೆ, ಯಾವ ತಾರೀಕು, ಏನೂ ಉಳಿಯಲ್ಲ. ಇನ್ನೂರು ಜನ ಹಾಲು ಹಾಕಿದ್ರೂ ಪಟ್ಟಿಯಲ್ಲಿ ಒಂದೇ ಸಾಲು, ಅದೂ ಕೊನೇಲಿ ಬಂದವರದ್ದು.

2015ರಲ್ಲಿ ಜಾವಾಸ್ಕ್ರಿಪ್ಟಿಗೆ ಮ್ಯಾಪ್ ಅಂತಲೇ ಬೇರೆ ಒಂದು ಬಂತು. ಅದು ಕೀಯನ್ನು ಅಕ್ಷರಮಾಲೆ ಮಾಡಲ್ಲ, ಹಾಗಾಗಿ ಯಾರ ಲೆಕ್ಕವೂ ಇನ್ನೊಬ್ಬರ ಮೇಲೆ ಬೀಳಲ್ಲ. ಆದರೆ ಇದರ ತೊಂದರೆ ಇನ್ನೊಂದು ಕಡೆ. ಆಬ್ಜೆಕ್ಟ್ ಕೀ ಆದರೆ ಅದು ನೋಡೋದು ಚೀಟಿಯನ್ನು, ಬರಹವನ್ನಲ್ಲ. ಬೆಳಿಗ್ಗೆ ಹಾಕಿದ ಅದೇ ಆಬ್ಜೆಕ್ಟ್ ಕೈಲಿದ್ದರೆ ಮಾತ್ರ ಉತ್ತರ. ಅದೇ ವಿವರದ ಹೊಸ ಆಬ್ಜೆಕ್ಟ್ ಮಾಡಿ ಕೇಳಿದ್ರೆ "ಅಂಥದ್ದು ಇಲ್ಲ" ಅನ್ನುತ್ತೆ. ಹಾಲು ಅಲ್ಲೇ ಇದೆ, ಕೇಳಿದ್ರೆ ಸಿಗಲ್ಲ. ಇದಕ್ಕೆ ಭಾಷೆಯಲ್ಲೇ ಪರಿಹಾರ ತರೋಕೆ ರೆಕಾರ್ಡ್ ಮತ್ತು ಟ್ಯೂಪಲ್ ಅನ್ನೋ ಪ್ರಸ್ತಾವ ವರ್ಷಗಟ್ಟಲೆ ಚರ್ಚೆಯಲ್ಲಿತ್ತು, 2025ರಲ್ಲಿ ಅದನ್ನು ಹಿಂದಕ್ಕೆ ತಗೊಂಡ್ರು. ಹಾಗಾಗಿ ಸದ್ಯಕ್ಕೆ ಮೂರನ್ನೂ ಸೇರಿಸಿ ಒಂದು ಅಕ್ಷರಮಾಲೆ ಮಾಡಬೇಕು, ಇಲ್ಲಾಂದ್ರೆ ಮ್ಯಾಪೊಳಗೆ ಮ್ಯಾಪ್ ಇಡಬೇಕು: ಸದಸ್ಯರಿಗೆ ಒಂದು, ಅದರೊಳಗೆ ತಾರೀಕಿಗೆ ಒಂದು, ಅದರೊಳಗೆ ಬೆಳಿಗ್ಗೆ-ಸಂಜೆ.

ಅಕ್ಷರಮಾಲೆ ಸೇರಿಸೋದು ನಮ್ಮ ಕಾಮರ್ಸ್ ಮಂದಿಗೆ ಚೆನ್ನಾಗಿ ಗೊತ್ತಿರೋ ಕೆಲಸ. ಎಕ್ಸೆಲ್‌ನಲ್ಲಿ ವಿಲುಕಪ್ ಹಾಕೋಕೆ ಮುಂಚೆ ಪಕ್ಕದಲ್ಲಿ ಒಂದು ಕಾಲಂ ಮಾಡಿ, ಎರಡು ಸೆಲ್ಲುಗಳನ್ನು ಆಂಪರ್‌ಸ್ಯಾಂಡ್ ಹಾಕಿ ಅಂಟಿಸ್ತೀವಲ್ಲ, ಅದೇ. ಅದರಲ್ಲಿರೋ ಹಳ್ಳ ನೋಡಿ. 1ನೇ ಸದಸ್ಯರು 12ನೇ ತಾರೀಕು ಹಾಕಿದ ಹಾಲು: 1 ಮತ್ತು 12 ಅಂಟಿಸಿದರೆ 112. 11ನೇ ಸದಸ್ಯರು 2ನೇ ತಾರೀಕು ಹಾಕಿದ್ದು: 11 ಮತ್ತು 2, ಅದೂ 112. ಇಬ್ಬರ ಹಾಲು ಒಂದೇ ಗೂಡಿಗೆ. ನಡುವೆ ಒಂದು ಗೆರೆಯೋ ಅಡ್ಡಗೀಟೋ ಹಾಕಿದ್ರೆ ಸರಿಹೋಗುತ್ತೆ, ಆದರೆ ಆ ಚಿಹ್ನೆ ಮಾಹಿತಿಯ ಒಳಗೆ ಇರಬಾರದು. ಸರ್ವೆ ನಂಬರುಗಳನ್ನು ಓರೆಗೆರೆಯಿಂದ ಅಂಟಿಸೋಕೆ ಹೋಗಿ ನೋಡಿ. 45/2 ಅಂತ ಮೊದಲೇ ಅದರೊಳಗೆ ಓರೆಗೆರೆ ಕೂತಿರುತ್ತೆ.

ಈಗ ಪೈಥಾನ್. ಇಲ್ಲಿ ಟ್ಯೂಪಲ್ ಅಂತ ಒಂದಿದೆ, ಕಟ್ಟಿದ ಮೇಲೆ ಬದಲಾಯಿಸೋಕಾಗದ ಪಟ್ಟಿ. ಸಂಖ್ಯೆ, ತಾರೀಕು, ಬೆಳಿಗ್ಗೆ, ಮೂರನ್ನೂ ಟ್ಯೂಪಲ್‌ನಲ್ಲಿಟ್ಟು ಕೀ ಮಾಡಿದ್ರೆ ಕೆಲಸ ಮುಗೀತು. ಅದು ಚೀಟಿ ನೋಡಲ್ಲ, ಬರಹ ನೋಡುತ್ತೆ. ಟ್ಯೂಪಲ್ ಬದಲು ಲಿಸ್ಟ್ ಕೊಟ್ಟಿರೋ? ಅಲ್ಲೇ ನಿಲ್ಲಿಸಿ, ಇದು ಹ್ಯಾಶ್ ಆಗಲ್ಲ ಅಂತ ಎರರ್ ಕೊಡುತ್ತೆ. ಕಲಿಯೋರಿಗೆ ಈ ಎರರ್ ಕಂಡ್ರೆ ಸಿಟ್ಟು. ನನ್ನ ಪ್ರಕಾರ ಇದು ಬಹಳ ಒಳ್ಳೇ ಎರರ್. ಯಾಕೆ ಅಂತ ಹೇಳೋಕೆ ಹ್ಯಾಶ್ ಏನು ಅನ್ನೋದು ಸ್ವಲ್ಪ ನೋಡಬೇಕು.

ಡೈರಿಯ ಗೋಡೆಗೆ ನೂರು ಗೂಡಿನ ಒಂದು ರ‍್ಯಾಕು ಇದೆ ಅಂತಿಟ್ಕೊಳ್ಳಿ, ಪಾಸ್ ಪುಸ್ತಕ ಇಡೋಕೆ. ಪುಸ್ತಕ ಎಲ್ಲಿಡಬೇಕು ಅಂತ ಹುಡುಕ್ತಾ ಕೂರಬಾರದು ಅಂದ್ರೆ ಒಂದು ಸೂತ್ರ ಬೇಕು. ಸದಸ್ಯರ ಸಂಖ್ಯೆಯ ಕೊನೇ ಎರಡು ಅಂಕಿ ನೋಡು, ಆ ಗೂಡಿಗೆ ಹಾಕು. 112 ಆದ್ರೆ 12ನೇ ಗೂಡು. 212 ಕೂಡ ಅದೇ ಗೂಡಿಗೆ ಬರುತ್ತೆ, ಪರವಾಗಿಲ್ಲ, ಗೂಡಿಗೆ ಹೋದ ಮೇಲೆ ಮೇಲಿನ ಸಂಖ್ಯೆ ಪೂರ್ತಿ ಓದಿ ಸರಿಯಾದದ್ದು ತಗೋತೀವಿ. ಗೂಡು ಹೇಳೋ ಸೂತ್ರವೇ ಹ್ಯಾಶ್. ಪೂರ್ತಿ ಓದಿ ನೋಡೋದೇ ಸಮಾನತೆ ಪರೀಕ್ಷೆ. ಹ್ಯಾಶ್‌ಮ್ಯಾಪಿಗೆ ಈ ಎರಡೂ ಬೇಕು, ಎರಡೂ ಒಂದೇ ಮಾತು ಹೇಳಬೇಕು. ಒಂದೇ ಅನ್ನಿಸಿಕೊಳ್ಳೋ ಎರಡು ಕೀಗಳಿಗೆ ಒಂದೇ ಗೂಡು ಬರಬೇಕು.

ಈಗ 12ನೇ ಗೂಡಿನಲ್ಲಿರೋ ಪುಸ್ತಕದ ಮೇಲೆ ಯಾರೋ 112 ಹೊಡೆದು 131 ಅಂತ ಬರೆದ್ರು. 131 ಅಂತ ಹುಡುಕಿದ್ರೆ 31ನೇ ಗೂಡಿಗೆ ಹೋಗ್ತೀವಿ, ಅಲ್ಲಿಲ್ಲ. 112 ಅಂತ ಹುಡುಕಿದ್ರೆ ಸರಿಯಾದ ಗೂಡಿಗೇ ಬರ್ತೀವಿ, ಆದರೆ ಮೇಲೆ 131 ಇದೆ, ಇದಲ್ಲ ಅಂತ ವಾಪಸ್ ಇಡ್ತೀವಿ. ಎಲ್ಲ ಪುಸ್ತಕ ಎಣಿಸಿದ್ರೆ ಲೆಕ್ಕ ಸರಿ ಇದೆ, ಒಂದೊಂದೇ ತೆಗೆದು ನೋಡಿದ್ರೆ ಕಣ್ಣಿಗೂ ಬೀಳುತ್ತೆ, ಕೇಳಿದ್ರೆ ಮಾತ್ರ ಸಿಗಲ್ಲ. ಮ್ಯಾಪಿಗೆ ಹಾಕಿದ ಮೇಲೆ ಕೀಯನ್ನು ಬದಲಾಯಿಸಿದ್ರೆ ಆಗೋದು ಇದೇ. ಪೈಥಾನ್ ಲಿಸ್ಟನ್ನು ಒಪ್ಪದೇ ಇರೋ ಕಾರಣವೂ ಇದೇ, ಲಿಸ್ಟ್ ಯಾವಾಗ ಬೇಕಾದ್ರೂ ಬದಲಾಗಬಹುದು.

ಜಾವಾ ಈ ವಿಷಯದಲ್ಲಿ ನಿಮ್ಮನ್ನು ನಂಬಿಬಿಡುತ್ತೆ, ಅದೇ ಕಷ್ಟ. ನೀವೇ ಬರೆದ ಕ್ಲಾಸಿನ ಆಬ್ಜೆಕ್ಟನ್ನು ಕೀ ಮಾಡಿದ್ರೆ, ಏನೂ ಹೇಳದೇ ಇದ್ದಾಗ ಅದು ಚೀಟಿ ನೋಡುತ್ತೆ, ಜಾವಾಸ್ಕ್ರಿಪ್ಟ್ ಮ್ಯಾಪ್ ಥರಾನೇ. ಬರಹ ನೋಡು ಅನ್ನೋಕೆ ಈಕ್ವಲ್ಸ್, ಹ್ಯಾಶ್‌ಕೋಡ್ ಅಂತ ಎರಡು ಮೆಥಡ್ ನೀವೇ ಬರೀಬೇಕು. ಈಕ್ವಲ್ಸ್ ಒಂದೇ ಬರೆದು ಹ್ಯಾಶ್‌ಕೋಡ್ ಬಿಟ್ರೆ, ಎರಡೂ ಪುಸ್ತಕ ಒಂದೇ ಅಂತ ಒಪ್ಪಿದ್ರೂ ಗೂಡು ಬೇರೆ ಬೇರೆ ಆಗಬಹುದು, ಹುಡುಕಿದ್ದು ಸಿಗಲ್ಲ. ಪೈಥಾನ್‌ನಲ್ಲಿ ಹೀಗೆ ಅರ್ಧ ಬರೆದ್ರೆ ಆ ಕ್ಲಾಸನ್ನು ಕೀ ಆಗೋಕೇ ಬಿಡಲ್ಲ. ಜಾವಾ ಬಿಡುತ್ತೆ. 2021ರ ಜಾವಾ 16ರಿಂದ ರೆಕಾರ್ಡ್ ಅಂತ ಬಂದಿದೆ, ಒಂದು ಸಾಲಿನಲ್ಲಿ ಮೂರು ವಿವರ ಹೇಳಿದ್ರೆ ಎರಡೂ ಮೆಥಡ್ ತಾನೇ ಬರುತ್ತೆ. ಕೋಟ್ಲಿನ್‌ನಲ್ಲಿ ಡೇಟಾ ಕ್ಲಾಸ್ ಇದೇ ಕೆಲಸ ಮಾಡುತ್ತೆ. ಹೊಸದಾಗಿ ಬರೆಯೋರು ಕೈಯಾರೆ ಬರೆಯೋ ಹಳೇ ಪದ್ಧತಿಗೆ ಹೋಗೋ ಅಗತ್ಯ ನನಗಂತೂ ಕಾಣಲ್ಲ.

ಗೋ ಭಾಷೆ ನನಗೆ ಇಷ್ಟ ಆಗೋದು ಇಲ್ಲಿ. ಮೂರು ವಿವರದ ಸ್ಟ್ರಕ್ಟ್ ಮಾಡಿ ನೇರವಾಗಿ ಕೀ ಆಗಿ ಬಳಸಿ, ಬೇರೇನೂ ಬರೀಬೇಕಿಲ್ಲ, ಬರಹ ನೋಡಿಯೇ ಹೋಲಿಸುತ್ತೆ. ಒಳಗೆ ಸ್ಲೈಸ್ ಇಟ್ರೆ ಪ್ರೋಗ್ರಾಂ ಕಂಪೈಲೇ ಆಗಲ್ಲ. ಸಿ ಪ್ಲಸ್ ಪ್ಲಸ್‌ನಲ್ಲಿ ಎರಡು ಥರ ಮ್ಯಾಪ್ ಇದೆ: ಕೀಗಳನ್ನು ಕ್ರಮವಾಗಿ ಜೋಡಿಸಿಡೋ ಮ್ಯಾಪಿಗೆ ಪೇರ್ ಕೊಟ್ರೆ ಸುಮ್ಮನೆ ನಡೆಯುತ್ತೆ, ಯಾಕಂದ್ರೆ ಅದಕ್ಕೆ ಬೇಕಿರೋದು ಯಾವುದು ಚಿಕ್ಕದು ಯಾವುದು ದೊಡ್ಡದು ಅನ್ನೋದಷ್ಟೇ. ಗೂಡಿನ ಲೆಕ್ಕದ ಅನ್‌ಆರ್ಡರ್ಡ್ ಮ್ಯಾಪಿಗೆ ಅದೇ ಪೇರ್ ಕೊಟ್ರೆ, ಪೇರಿಗೆ ಹ್ಯಾಶ್ ಸೂತ್ರ ನೀವೇ ಬರೀರಿ ಅನ್ನುತ್ತೆ, ಅದೂ ಒಂದು ಪುಟದಷ್ಟು ಎರರ್ ಸುರಿದು.

ಇಷ್ಟು ಹೊತ್ತು ಯಾರು, ಯಾವತ್ತು, ಎಷ್ಟು ಹಾಲು ಅನ್ನೋದು ನೋಡಿದ್ವಿ. ಡೈರಿಯಲ್ಲಿ ಇನ್ನೊಂದು ಮ್ಯಾಪ್ ಇದೆ, ಅದು ಇದಕ್ಕಿಂತ ನಾಜೂಕು. ದರಪಟ್ಟಿ. ಹಾಲಿಗೆ ದರ ಸಿಗೋದು ಎರಡು ಅಳತೆ ಮೇಲೆ. ಒಂದು ಫ್ಯಾಟು. ಇನ್ನೊಂದು ಎಸ್‌ಎನ್‌ಎಫ್, ಅಂದ್ರೆ ಕೊಬ್ಬು ಬಿಟ್ಟು ಹಾಲಿನಲ್ಲಿರೋ ಉಳಿದ ಘನಾಂಶ. ಅಂಗಡಿಯಲ್ಲಿ ನೀಲಿ ಪ್ಯಾಕೆಟ್ಟಿನ ನಂದಿನಿ ಟೋನ್ಡ್ ಹಾಲಿನ ಮೇಲೆ 3.0 ಮತ್ತು 8.5 ಅಂತ ಇರುತ್ತಲ್ಲ, ಅವೇ ಎರಡು. ಪಟ್ಟಿಯಲ್ಲಿ ಅಡ್ಡಕ್ಕೆ ಒಂದು, ಉದ್ದಕ್ಕೆ ಒಂದು, ಎರಡೂ ಸೇರುವ ಚೌಕದಲ್ಲಿ ಲೀಟರ್ ದರ. ಫ್ಯಾಟು ಮತ್ತು ಎಸ್‌ಎನ್‌ಎಫ್ ಜೋಡಿಯೇ ಕೀ. ಪುಸ್ತಕದ ಉದಾಹರಣೆಗಿಂತ ಚೆನ್ನಾಗಿರೋ ಕಾಂಪೋಸಿಟ್ ಕೀ ಇದು. ಆದರೆ ಎರಡೂ ದಶಮಾಂಶ ಸಂಖ್ಯೆ.

ಕಂಪ್ಯೂಟರ್ ಸಾಮಾನ್ಯವಾಗಿ ದಶಮಾಂಶವನ್ನು ಎರಡರ ಲೆಕ್ಕದಲ್ಲಿ ಇಡುತ್ತೆ, ಹಾಗಾಗಿ 1.1ನ್ನು ಕರಾರುವಾಕ್ಕಾಗಿ ಇಡೋಕಾಗಲ್ಲ. 1.1ಕ್ಕೆ 2.2 ಕೂಡಿಸಿ ಅಂತ ಪೈಥಾನ್‌ಗೆ ಹೇಳಿ ನೋಡಿ, 3.3 ಬರಲ್ಲ, 3.3000000000000003 ಬರುತ್ತೆ. ಎಸ್‌ಎನ್‌ಎಫ್ಫನ್ನು ಲ್ಯಾಕ್ಟೋಮೀಟರ್ ರೀಡಿಂಗಿನಿಂದ ಸೂತ್ರ ಹಾಕಿ ತೆಗೆಯುವಾಗ ಹೀಗೇ ಒಂದು ಚೂರು ಬಾಲ ಅಂಟ್ಕೊಂಡ್ರೆ, ದರಪಟ್ಟಿಯಲ್ಲಿ ಆ ಕೀ ಇಲ್ಲ. ಮ್ಯಾಪ್ "ಇಲ್ಲ" ಅನ್ನುತ್ತೆ. "ಇಲ್ಲ" ಅಂದಾಗ ಸೊನ್ನೆ ಅಂತ ತಗೊಳ್ಳೋ ಕೋಡ್ ಮುಂದೆ ಇದ್ದರೆ, ಒಳ್ಳೇ ಹಾಲಿಗೆ ದರ ಸೊನ್ನೆ.

ರಸ್ಟ್ ಭಾಷೆ ಇಲ್ಲಿ ಕಟ್ಟುನಿಟ್ಟು. ಅದರ ಹ್ಯಾಶ್‌ಮ್ಯಾಪಿಗೆ ದಶಮಾಂಶ ಸಂಖ್ಯೆಯನ್ನು ಕೀ ಮಾಡ್ತೀನಿ ಅಂದ್ರೆ ಕಂಪೈಲರ್ ಒಪ್ಪೋದೇ ಇಲ್ಲ. ಜಾವಾದಲ್ಲಿ ನಿಖರ ಲೆಕ್ಕಕ್ಕೆ ಬಿಗ್‌ಡೆಸಿಮಲ್ ಅಂತಿದೆ, ಬ್ಯಾಂಕಿನ ಕೆಲಸದಲ್ಲಿ ಅದನ್ನೇ ಬಳಸಿ ಅಂತಾರೆ. ಆದರೆ ಕೀ ಆದಾಗ ಅದರದ್ದೊಂದು ವರಸೆ: 3.5 ಮತ್ತು 3.50 ಅದಕ್ಕೆ ಬೇರೆ ಬೇರೆ, ಬಿಂದುವಿನ ಮುಂದಿನ ಅಂಕಿಗಳ ಎಣಿಕೆ ಬೇರೆ ಅಂತ. ಹ್ಯಾಶ್‌ಮ್ಯಾಪಿನಲ್ಲಿ ಎರಡು ಗೂಡು. ಅದೇ ಜಾವಾದ ಟ್ರೀಮ್ಯಾಪಿನಲ್ಲಿ ಇವೆರಡೂ ಒಂದೇ, ಯಾಕಂದ್ರೆ ಅದು ಹೋಲಿಸೋ ರೀತಿ ಬೇರೆ. ಭಾಷೆ ಒಂದೇ, ಸಂಖ್ಯೆ ಒಂದೇ, ಮ್ಯಾಪ್ ಬದಲಾದ್ರೆ ಉತ್ತರ ಬದಲು!

ಎಲ್ಲಕ್ಕಿಂತ ನನಗೆ ಹೆದರಿಕೆ ಆಗಿದ್ದು ಪಿಎಚ್‌ಪಿ. ಅದರ ಅರೇಗೆ ಕೀ ಆಗೋದು ಪೂರ್ಣಾಂಕ ಅಥವಾ ಅಕ್ಷರಮಾಲೆ ಮಾತ್ರ. 3.5 ಅಂತ ದಶಮಾಂಶ ಕೊಟ್ರೆ ಬಿಂದುವಿನಿಂದ ಆಚೆಗಿರೋದನ್ನು ಕತ್ತರಿಸಿ 3 ಮಾಡ್ಕೊಳ್ಳುತ್ತೆ. 3.5 ಫ್ಯಾಟಿನ ಹಾಲೂ 3, 3.9 ಫ್ಯಾಟಿನ ಹಾಲೂ 3. 2021ರ 8.1 ಆವೃತ್ತಿಯಿಂದ ಇದಕ್ಕೆ ಒಂದು ಎಚ್ಚರಿಕೆ ಸಂದೇಶ ಕೊಡುತ್ತೆ, ಅದಕ್ಕೆ ಮುಂಚೆ ಅದೂ ಇರಲಿಲ್ಲ.

ಪರಿಹಾರ ನಮ್ಮ ಅಕೌಂಟ್ಸ್ ಕ್ಲಾಸಿನಲ್ಲೇ ಇದೆ. ರೂಪಾಯಿಯಲ್ಲಿ ಲೆಕ್ಕ ಇಡಬೇಡಿ, ಪೈಸೆಯಲ್ಲಿ ಇಡಿ. ಫ್ಯಾಟು 3.5 ಅನ್ನೋದನ್ನು 35 ಅಂತ, ಎಸ್‌ಎನ್‌ಎಫ್ 8.50 ಅನ್ನೋದನ್ನು 850 ಅಂತ ಪೂರ್ಣಾಂಕ ಮಾಡಿಟ್ಕೊಳ್ಳಿ. ಎಲ್ಲಿ ರೌಂಡ್ ಮಾಡಬೇಕು, ಮೇಲಕ್ಕೋ ಕೆಳಕ್ಕೋ ಅನ್ನೋದನ್ನು ಕೀ ಮಾಡೋಕೆ ಮುಂಚೆ ತೀರ್ಮಾನಿಸಿ, ಯಾಕಂದ್ರೆ ಆ ತೀರ್ಮಾನದಲ್ಲಿ ಹಾಲು ಹಾಕೋರ ದುಡ್ಡಿದೆ.

ಪೂರ್ಣಾಂಕ ಮಾಡಿದ್ರೂ ಇನ್ನೊಂದು ಕಣ್ಣಿಟ್ಟಿರಬೇಕು. ಮೆಷಿನ್ನಿಂದ ಬಂದ ಸದಸ್ಯರ ಸಂಖ್ಯೆ 112 ಅಂಕಿಯಾಗಿರುತ್ತೆ, ಕರೆಂಟ್ ಹೋದ ದಿನ ಕೈಯಲ್ಲಿ ಬರೆದು ಆಮೇಲೆ ಫೈಲಿನಿಂದ ಏರಿಸಿದ್ದು "112" ಅನ್ನೋ ಅಕ್ಷರಮಾಲೆ ಆಗಿರುತ್ತೆ. ಪೈಥಾನ್‌ಗೆ ಇವೆರಡು ಬೇರೆ, ಒಬ್ಬರ ಹಾಲು ಎರಡು ಖಾತೆಗೆ ಒಡೆದು ಹೋಗುತ್ತೆ. ಜಾವಾದಲ್ಲಿ ಇಂಟಿಜರ್ 112 ಮತ್ತು ಲಾಂಗ್ 112 ಕೂಡ ಒಂದೇ ಅಲ್ಲ. ಪಿಎಚ್‌ಪಿ ಇದನ್ನು ಮಾತ್ರ ಎರಡೂ ಒಂದೇ ಅನ್ನುತ್ತೆ, ಅದೃಷ್ಟಕ್ಕೆ.

ಭಾಷೆ ಯಾವುದೇ ಇರಲಿ, ಅದು ಕೊಡದೇ ಇರೋ ಉತ್ತರ ಒಂದಿದೆ. ಕೀಯಲ್ಲಿ ಏನೇನು ಇರಬೇಕು? ಒಂದೇ ಮನೆಯವರು ಸೀಮೆಹಸುವಿನ ಹಾಲು ಒಂದು ಕ್ಯಾನು, ಎಮ್ಮೆ ಹಾಲು ಒಂದು ಕ್ಯಾನು ತಂದ್ರೆ? ಮೂರು ವಿವರ ಸಾಲದು, ಹಾಲಿನ ಬಗೆ ನಾಲ್ಕನೇದಾಗಬೇಕು. ಹಸುವಿನ ಹಾಲನ್ನೇ ಬೆಳಿಗ್ಗೆ ಎರಡು ಸಲ ತಂದ್ರೆ? ಆಗ ಎರಡನ್ನೂ ಕೂಡಿಸಬೇಕಾ, ಎರಡು ಸಾಲು ಬರೀಬೇಕಾ? ಎರಡು ಸಲದ ಫ್ಯಾಟು ಬೇರೆ ಬೇರೆ ಬಂದಿದ್ರೆ ಸುಮ್ಮನೆ ಲೀಟರ್ ಕೂಡಿಸೋಕಾಗಲ್ಲ, ಚೀಟಿ ಕ್ರಮಸಂಖ್ಯೆಯನ್ನೂ ಕೀಗೆ ಸೇರಿಸಬೇಕು. ಇದನ್ನು ಪ್ರೋಗ್ರಾಮರ್ ಕೂತಲ್ಲೇ ಊಹಿಸೋದು ಸರಿಯಲ್ಲ. ಡೈರಿ ಸೆಕ್ರೆಟರಿಯನ್ನು, ಟೆಸ್ಟರನ್ನು, ಕ್ಯಾನ್ ಹಿಡ್ಕೊಂಡು ನಿಂತಿರೋರನ್ನು ಕೇಳಬೇಕು.

ಊರಿನ ಮಟ್ಟದಲ್ಲಿ ಸರಿಯಾಗಿದ್ದ ಕೀ ಗೆಜ್ಜಲಗೆರೆಗೆ ಬಂದಾಗ ಸಾಲಲ್ಲ ಅನ್ನೋದನ್ನೂ ನೋಡಿ. ನಿಮ್ಮೂರ ಸಂಘದಲ್ಲಿ 112 ಒಬ್ಬರೇ. ಪಕ್ಕದೂರಲ್ಲೂ ಒಬ್ಬರು 112 ಇದ್ದಾರೆ, ಮಳವಳ್ಳಿ ಕಡೆಯ ಸಂಘದಲ್ಲೂ ಇದ್ದಾರೆ. ನೂರಾರು ಸಂಘದ ಲೆಕ್ಕ ಒಂದು ಮ್ಯಾಪಿಗೆ ಬೀಳುವಾಗ ಸಂಘದ ಕೋಡ್ ಎಲ್ಲಕ್ಕಿಂತ ಮುಂದೆ ಇರಬೇಕು. ಮೊದಲು ಒಂದು ಊರಿಗೆ ಬರೆದು ಆಮೇಲೆ ಜಿಲ್ಲೆಗೆ ಹಿಗ್ಗಿಸಿದ ಪ್ರೋಗ್ರಾಮುಗಳಲ್ಲಿ ಮೊದಲು ಪರೀಕ್ಷೆ ಮಾಡಬೇಕಾದ ಜಾಗ ಇದು.

ಕೊನೆಗೆ ಒಂದು ಕೆಲಸದ ಸಲಹೆ. ಮ್ಯಾಪ್ ಸುಮ್ಮನೆ ಹಳೇದರ ಮೇಲೆ ಬರೆಯುತ್ತೆ ಅಂದೆನಲ್ಲ. ಡೇಟಾಬೇಸ್ ಹಾಗಲ್ಲ. ಸಂಘ, ಸದಸ್ಯ, ತಾರೀಕು, ಸರದಿ, ಹಾಲಿನ ಬಗೆ, ಚೀಟಿ ಸಂಖ್ಯೆ, ಇವೆಲ್ಲ ಸೇರಿ ಪ್ರೈಮರಿ ಕೀ ಅಂತ ಟೇಬಲ್‌ಗೆ ಹೇಳಿಟ್ರೆ, ಅದೇ ಕೀಯ ಎರಡನೇ ಸಾಲನ್ನು ಸೇರಿಸೋಕೆ ಹೋದಾಗ ಅದು ಒಪ್ಪಲ್ಲ, ಎರರ್ ಕೊಡುತ್ತೆ. ಕೋಡ್‌ನಲ್ಲೂ ಹಾಕೋ ಮುಂಚೆ ಈ ಕೀ ಈಗಾಗಲೇ ಇದೆಯಾ ಅಂತ ಕೇಳೋ ಒಂದು ಸಾಲು ಬರೀರಿ. ಇದ್ದರೆ ನಿಲ್ಲಿಸಿ, ಮನುಷ್ಯರಿಗೆ ತೋರಿಸಿ. ದಿನದ ಕೊನೆಗೆ ಮ್ಯಾಪಿನಲ್ಲಿರೋ ಸಾಲುಗಳ ಎಣಿಕೆಯನ್ನೂ, ಕೊಟ್ಟ ಚೀಟಿಗಳ ಎಣಿಕೆಯನ್ನೂ ತಾಳೆ ನೋಡಿ. 212 ಚೀಟಿ ಕೊಟ್ಟು ಮ್ಯಾಪಿನಲ್ಲಿ 211 ಸಾಲಿದ್ದರೆ, ಯಾರದೋ ಒಂದು ಕ್ಯಾನು ಹಾಲು ಕಾಣೆಯಾಗಿದೆ, ಬಟವಾಡೆಗೆ ಮುಂಚೆ ಹುಡುಕೋಕೆ ಇನ್ನೂ ಟೈಮಿದೆ.